ಯಾರನ್ನು ಕೇಳಬೇಕು?

ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಸ್ವಾಗತಕ್ಕೆ ಬರವಿಲ್ಲ. ಎಂ.ಎ., ಎಂ.ಎಸ್ಸಿ., ಎಂ.ಕಾಂ. ತರಗತಿಗಳು ಆರಂಭವಾದ ಕೆಲವೇ ದಿನಗಳಲ್ಲಿ ಒಂದೊಂದು ವಿಭಾಗದಲ್ಲಿಯೂ ಒಂದೊಂದು ಸಮಾರಂಭ ಏರ್ಪಡುತ್ತದೆ. ಪ್ರಾರ್ಥನೆಯಾಗುತ್ತದೆ, ದೀಪ ಬೆಳಗುತ್ತದೆ, ಗಣ್ಯರಿಗೆ ಶಾಲು ಹಾರಗಳಾಗುತ್ತವೆ. ಜ್ಞಾನವು ಮಹಾಸಾಗರವೆಂದೂ ಹೊಸ ವಿದ್ಯಾರ್ಥಿಗಳು ಈಗ ಅದರ ದಡದಲ್ಲಿ ನಿಂತಿದ್ದಾರೆಂದೂ ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ಹೇಳುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂತ ಹುಡುಗನಿಗೆ ಆ ಹೊತ್ತಿನಲ್ಲಿ ತಿಳಿಯಬೇಕಾಗಿರುವುದು ಮೂರೇ ಸಂಗತಿ: ಈ ರಾತ್ರಿ ಮಲಗುವುದೆಲ್ಲಿ, ಊಟವೆಲ್ಲಿ, ಹಾಸ್ಟೆಲಿನ ಅರ್ಜಿಗೆ ಕೊನೆಯ ದಿನ ಯಾವುದು. ಇಷ್ಟನ್ನು ಹೇಳಬಲ್ಲವರು ಆ ವೇದಿಕೆಯ ಮೇಲೆ ಯಾರೂ ಇರುವುದಿಲ್ಲ. ವಂದನಾರ್ಪಣೆಯಾಗಿ, ಎಲ್ಲರ ಕೈಗೂ ಒಂದು ಲಾಡು ಬಂದು, ಸಭೆ ಮುಗಿಯುತ್ತದೆ.

ಈ ಮಾತನ್ನು ನಾನು ಬೇಲಿಯಾಚೆ ನಿಂತು ಆಡುತ್ತಿಲ್ಲ. ಇಪ್ಪತ್ತು ವರ್ಷದಿಂದ ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡು ಬಂದವಳು. ಇಂಥ ಸಮಾರಂಭಗಳಲ್ಲಿ ಬೆಂಚಿನ ಮೇಲೂ ಕೂತಿದ್ದೇನೆ, ವೇದಿಕೆಯ ಮೇಲೂ ಕೂತಿದ್ದೇನೆ. ಸಾಗರದ ಉಪಮೆಯನ್ನು ನಾನೂ ಒಮ್ಮೆ ಬಳಸಿದ್ದೇನೆಂದು ಒಪ್ಪಿಕೊಳ್ಳುತ್ತೇನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುವುದು ಲೇಸು. ಹೊಸದಾಗಿ ಬಂದ ಸ್ನಾತಕೋತ್ತರ ವಿದ್ಯಾರ್ಥಿಗೆ ವಸತಿ, ಊಟ, ವಿದ್ಯಾರ್ಥಿವೇತನ, ಪುಸ್ತಕ, ಔಷಧ, ಬಸ್ಸು ಇವುಗಳ ದಾರಿಯನ್ನು ಬಾಯಿಬಿಟ್ಟು ಹೇಳುವುದು ವಿಶ್ವವಿದ್ಯಾನಿಲಯದ ಮೊದಲ ಕರ್ತವ್ಯ. ಅದನ್ನು ಅದು ಇಂದು ಕಛೇರಿಯ ಗುಮಾಸ್ತರ ಕೃಪೆಗೆ ಬಿಟ್ಟುಕೊಟ್ಟಿದೆ. ಇದರಿಂದ ಎಲ್ಲರಿಗೂ ಸಮನಾಗಿ ನಷ್ಟವಾಗುವುದಾದರೆ ಸೋಮಾರಿತನವೆಂದು ಸುಮ್ಮನಿರಬಹುದಾಗಿತ್ತು. ಆದರೆ ಊರಿನಲ್ಲಿ ನೆಂಟರುಳ್ಳವರು, ಕಛೇರಿಯಲ್ಲಿ ಪರಿಚಯವುಳ್ಳವರು ಹೇಗೋ ದಾರಿ ಕಂಡುಕೊಳ್ಳುತ್ತಾರೆ. ಕೇಳಲು ಯಾರೂ ಇಲ್ಲದವರು ಮಾತ್ರ ಕೆಡುತ್ತಾರೆ. ಆದುದರಿಂದಲೇ ಇದನ್ನು ನಾನು ಅನ್ಯಾಯವೆಂದು ಕರೆಯುತ್ತೇನೆ.

ಕಳೆದ ಸಂಕ್ರಾಂತಿಯ ಸುಮಾರಿಗೆ ನಮ್ಮೂರಿನ ಜವಳಿ ಅಂಗಡಿಯೊಂದಕ್ಕೆ ಹೋಗಿದ್ದೆ. ಬಾಗಿಲಲ್ಲಿ ನಿಂತಿದ್ದ ಹುಡುಗಿ, "ಬನ್ನಿ ಮೇಡಂ, ಸೀರೆ ಮಹಡಿ ಮೇಲೆ, ಮಕ್ಕಳ ಬಟ್ಟೆ ಬಲಗಡೆ" ಎಂದವಳು ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಎರಡು ವರ್ಷದ ಹಿಂದೆ ನನ್ನ ತರಗತಿಯಲ್ಲಿ ಓದಿದವಳು, ಕೂಲಿಯವರ ಮಗಳು, ಅವರ ಮನೆಯಲ್ಲಿ ಪದವಿ ಕಂಡ ಮೊದಲ ಜೀವ. ಪಂಪನ ಪದ್ಯವನ್ನು ತಪ್ಪಿಲ್ಲದೆ ಓದುವ ಹುಡುಗಿಯರು ವರ್ಷಕ್ಕೆ ಒಬ್ಬಿಬ್ಬರು ಸಿಕ್ಕಿದರೆ ಹೆಚ್ಚು, ಅಂಥವಳು. ಎಂ.ಎ. ಸೀಟು ಸಿಕ್ಕಿದಾಗ ನಾವು ಅಧ್ಯಾಪಕರೆಲ್ಲ ಸೇರಿ ಅವಳಿಗೆ ಒಂದು ಪೆನ್ನು ಕೊಟ್ಟು ಕಳಿಸಿದ್ದೆವು.

"ಇದೇನಮ್ಮ, ಇಲ್ಲಿ?" ಎಂದು ಕೇಳಿದೆ. ಅವಳು ಹೇಳಿದ್ದನ್ನು ಸಂಕ್ಷೇಪವಾಗಿ ಬರೆಯುತ್ತೇನೆ. ವಿಶ್ವವಿದ್ಯಾನಿಲಯದ ಹೆಸರು ಬೇಡ. ಹೆಸರು ಹೇಳಿದರೆ ಉಳಿದವರು ಇದು ತಮ್ಮ ಮಾತಲ್ಲವೆಂದು ನೆಮ್ಮದಿಯಿಂದ ಇದ್ದುಬಿಟ್ಟಾರು.

ಪ್ರವೇಶದ ಜೊತೆಗೆ ಹಾಸ್ಟೆಲೂ ಸಿಕ್ಕಿತೆಂದು ಅವಳು ತಿಳಿದಿದ್ದಳು. ಅದಕ್ಕೆ ಬೇರೆಯೇ ಅರ್ಜಿಯೆಂದು ಗೊತ್ತಾದದ್ದು ಮೂರನೆಯ ದಿನ. ಅಷ್ಟರಲ್ಲಿ ಪ್ರವೇಶ ವಿಭಾಗದವರು ಹಿಂದಿನ ವಿಶ್ವವಿದ್ಯಾನಿಲಯದಿಂದ ವಲಸೆ ಪ್ರಮಾಣಪತ್ರ ತರಬೇಕೆಂದರು. ಕಾಲೇಜು ಕೊಟ್ಟ ವರ್ಗಾವಣೆ ಪತ್ರ ಕೈಯಲ್ಲಿತ್ತು. ವಲಸೆ ಪತ್ರವೆಂಬುದು ಬೇರೆಯೊಂದಿದೆಯೆಂದು ಅವಳು ಕೇಳಿಯೇ ಇರಲಿಲ್ಲ. ಅದಕ್ಕಾಗಿ ಎರಡು ಸಲ ಬಸ್ಸಿನಲ್ಲಿ ಅಲೆದು ಬರುವ ಹೊತ್ತಿಗೆ ಹಾಸ್ಟೆಲಿನ ಅರ್ಜಿಯ ದಿನ ಮುಗಿದುಹೋಗಿತ್ತು. ಊರಿನಲ್ಲಿ ಪೇಯಿಂಗ್ ಗೆಸ್ಟಾಗಿ ಸೇರಿದಳು. ತಿಂಗಳಿಗೆ ಐದು ಸಾವಿರ. ಮೊದಲ ತಿಂಗಳ ಹಣವನ್ನು ತಂದೆ ಸಾಲ ಮಾಡಿ ಕೊಟ್ಟರು. ಎರಡನೆಯ ತಿಂಗಳದ್ದನ್ನು ಅವಳ ಬೆಂಡೋಲೆ ಕೊಟ್ಟಿತು. ದೀಪಾವಳಿಗೆಂದು ಮನೆಗೆ ಬಂದವಳು ಹಿಂತಿರುಗಲಿಲ್ಲ.

"ಹಾಸ್ಟೆಲು ಸಿಗದವರಿಗೆ ವಿದ್ಯಾಸಿರಿ ಇದೆಯಲ್ಲ, ಅರ್ಜಿ ಹಾಕಲಿಲ್ಲವೆ?" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಹಾಸ್ಟೆಲು ದೊರೆಯದಿದ್ದರೆ ಊಟ ವಸತಿಗೆಂದು ಸರ್ಕಾರ ನೇರವಾಗಿ ಹಣ ಕೊಡುವ ಯೋಜನೆಯದು. ಆರಂಭವಾದಾಗ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು. ಬೆಂಡೋಲೆಯನ್ನು ಉಳಿಸುವಷ್ಟು ಹಣವೇನೋ ಅದರಲ್ಲಿತ್ತು. ಆ ಹೆಸರನ್ನು ಅವಳು ಮೊದಲ ಬಾರಿ ಕೇಳಿದ್ದು ಜವಳಿ ಅಂಗಡಿಯ ಬಾಗಿಲಲ್ಲಿ, ನನ್ನ ಬಾಯಿಂದ, ಎಲ್ಲ ಮುಗಿದ ಮೇಲೆ.

"ಆಫೀಸಿನಲ್ಲಿ ಕೇಳಬಾರದಾಗಿತ್ತೆ?" ಎಂದದ್ದಕ್ಕೆ ಅವಳು ಕೊಟ್ಟ ಉತ್ತರ ಇದು: "ಯಾರನ್ನ ಕೇಳಬೇಕು ಅಂತಲೇ ಗೊತ್ತಾಗಲಿಲ್ಲ ಮೇಡಂ."

ಆ ಅಂಗಡಿಯಲ್ಲಿ ಅವಳ ಕೆಲಸವೇ ಬಾಗಿಲಲ್ಲಿ ನಿಂತು ಬಂದವರಿಗೆ ದಾರಿ ಹೇಳುವುದು. ಇನ್ನೂರು ರೂಪಾಯಿಯ ಟವೆಲು ಕೊಳ್ಳಲು ಬರುವವನಿಗೂ ದಾರಿ ತೋರಿಸುವವರು ಬೇಕೆಂದು ಜವಳಿ ವ್ಯಾಪಾರಿಗೆ ತಿಳಿದಿದೆ. ಎರಡು ವರ್ಷ ಇರಲು ಬರುವ ವಿದ್ಯಾರ್ಥಿಗೆ ಅಂಥವರೊಬ್ಬರು ಬೇಕೆಂಬುದು ವಿದ್ವಾಂಸರಿಗೆ ತಿಳಿದಿಲ್ಲ.

ಈಗ ಇನ್ನೊಂದು ಕಥೆ; ಇದು ನನ್ನದೇ. ಸುಮಾರು ಇಪ್ಪತ್ತೈದು ವರ್ಷದ ಹಿಂದೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ತಂದೆಯವರೊಡನೆ ನಾನೂ ಎಂ.ಎ. ಸೇರಲು ಹೋದೆ. ಒಂದು ಕಿಂಡಿಯಲ್ಲಿ "ಇಲ್ಲಿ ಅಲ್ಲ" ಎಂದರು, ಎರಡನೆಯದರಲ್ಲಿ "ಚಲನ್ ಎಲ್ಲಿ?" ಎಂದರು, ಮೂರನೆಯದರ ಮುಂದೆ ಉದ್ದ ಸಾಲು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಗುಮಾಸ್ತರು ತಂದೆಯವರನ್ನು "ಯಾವೂರಾಯಿತು ನಿಮ್ಮದು?" ಎಂದು ಮಾತಿಗೆಳೆದರು. ಊರಿನ ಹೆಸರು ಹೇಳಿದ ಕೂಡಲೆ ನಮ್ಮ ಸೋದರಮಾವನ ಹೆಸರು ಬಂತು; ಅವರಿಬ್ಬರೂ ಒಟ್ಟಿಗೆ ಓದಿದವರು. "ಮೊದಲೇ ಹೇಳಬಾರದೆ ಸ್ವಾಮಿ!" ಎಂದವರೇ ನಮ್ಮನ್ನು ಒಳಗೆ ಕರೆದರು. ಹತ್ತು ನಿಮಿಷದಲ್ಲಿ ಪ್ರವೇಶ, ಹಾಸ್ಟೆಲು, ಗ್ರಂಥಾಲಯದ ಚೀಟಿ ಎಲ್ಲವೂ ಆಯಿತು, ಕಾಫಿಯೂ ಬಂತು. ಹೊರಗೆ ಬಂದಾಗ, ಬೆಳಗಿನಿಂದ ಸಾಲಿನಲ್ಲಿ ನಮಗಿಂತ ಮುಂದೆ ನಿಂತಿದ್ದ ಹುಡುಗ ಇನ್ನೂ ಅಲ್ಲೇ ನಿಂತಿದ್ದ. ಅವನು ನನ್ನನ್ನು ನೋಡಿದ. ಅಂದು ನನಗೆ ನಾಚಿಕೆಯಾಗಲಿಲ್ಲ. ನಮ್ಮ ಮಾವ ಎಷ್ಟು ದೊಡ್ಡವರೆಂದು ಹೆಮ್ಮೆಯೇ ಆಯಿತು. ನಾಚಿಕೆ ಬಂದದ್ದು ಆ ಅಂಗಡಿಯ ಬಾಗಿಲಲ್ಲಿ.

ಆ ಗುಮಾಸ್ತರು ಕೆಟ್ಟವರಲ್ಲ; ಲಂಚ ಕೇಳಲಿಲ್ಲ, ಗದರಿಸಲಿಲ್ಲ. ತಮ್ಮವರೆಂದು ಕಂಡವರಿಗೆ ಅವರು ಮಾಡಿದ್ದು ಉಪಕಾರವೇ. ವ್ಯವಸ್ಥೆಯೆಂಬುದು ಇಲ್ಲದ ಕಡೆ ಒಳ್ಳೆಯವರ ಒಳ್ಳೆಯತನ ಕೂಡ ಊರು, ನೆಂಟಸ್ತಿಕೆ, ಜಾತಿಗಳ ಕಾಲುವೆಯಲ್ಲಿಯೇ ಹರಿಯುತ್ತದೆ. ಪ್ರವೇಶಪಟ್ಟಿಯನ್ನು ಅಂಕ ಮತ್ತು ಮೀಸಲಾತಿಯ ನಿಯಮದಂತೆ ಗೋಡೆಯ ಮೇಲೆ ಹಚ್ಚಿ ನಾವು ನ್ಯಾಯ ಮಾಡಿದೆವೆಂದು ಬೀಗುತ್ತೇವೆ. ಪಟ್ಟಿ ಹಚ್ಚಿದ ಮರುದಿನದಿಂದ ಆರಂಭವಾಗುವ ಎರಡನೆಯ ಆಯ್ಕೆಯನ್ನು ಯಾರೂ ನೋಡುವುದಿಲ್ಲ. ಅದರಲ್ಲಿ ಗೆಲ್ಲಲು ಅಂಕ ಬೇಕಾಗಿಲ್ಲ, ಒಬ್ಬ ಸೋದರಮಾವ ಸಾಕು.

ಹಿಂದಿನ ಕಾಲದವರು ಇದನ್ನು ನಮಗಿಂತ ಚೆನ್ನಾಗಿ ಅರಿತಿದ್ದರೆಂದು ತೋರುತ್ತದೆ. ಓದಲು ಪಟ್ಟಣಕ್ಕೆ ಬಂದ ಬಡ ಹುಡುಗನಿಗೆ ವಾರಾನ್ನವೆಂಬುದಿತ್ತು. ವಾರದ ಏಳು ದಿನ ಏಳು ಮನೆಯಲ್ಲಿ ಊಟ. ಅದರ ಸುತ್ತ ಜಾತಿಯ ಗೆರೆ ದಪ್ಪವಾಗಿಯೇ ಇತ್ತು. ಅದನ್ನು ಹೊಗಳಿ ಮರಳಿ ತರಬೇಕೆಂದು ನಾನು ಹೇಳುತ್ತಿಲ್ಲ. ಆದರೂ ಸೋಮವಾರ ಯಾವ ಮನೆ, ಮಂಗಳವಾರ ಯಾವ ಮನೆ ಎಂಬುದು ಆ ಹುಡುಗನಿಗೆ ನಿಶ್ಚಯವಾಗಿ ತಿಳಿದಿರುತ್ತಿತ್ತು. ಆಮೇಲೆ ಸಮುದಾಯಗಳ ಉಚಿತ ವಿದ್ಯಾರ್ಥಿನಿಲಯಗಳು ಬಂದವು. ತುಮಕೂರಿನ ಸಿದ್ಧಗಂಗೆಯಂಥ ಮಠಗಳು ಜಾತಿ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಮೂರನ್ನೂ ಕೊಟ್ಟವು. ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟ ಮೇಲೆ ಹಿಂದುಳಿದವರ ಓದಿಗೆ ಸರ್ಕಾರದ ಬಾಗಿಲು ಇನ್ನಷ್ಟು ಅಗಲವಾಯಿತು. ಇಂದು ಅನ್ನಕ್ಕೆ, ಹಣಕ್ಕೆ ಅಂದಿನಂಥ ಅಭಾವವಿಲ್ಲ. ಅವು ಯಾವ ಬಾಗಿಲಲ್ಲಿ, ಯಾವ ದಿನ ಎಂದು ಹೇಳುವ ಬಾಯಿಗೆ ಅಭಾವ.

ಬಾಗಿಲುಗಳು ಎಷ್ಟೆಂದು ಲೆಕ್ಕ ಹಾಕಿ ನೋಡಿ. ವಿಶ್ವವಿದ್ಯಾನಿಲಯದ ಹಾಸ್ಟೆಲು ವಾರ್ಡನ್ನರ ಕೈಯಲ್ಲಿ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲು ಬೇರೆ, ಹಿಂದುಳಿದ ವರ್ಗಗಳ ಇಲಾಖೆಯದು ಬೇರೆ, ಅಲ್ಪಸಂಖ್ಯಾತರ ಇಲಾಖೆಯದು ಬೇರೆ. ಅರ್ಜಿಗಳೂ ಬೇರೆ, ದಿನಾಂಕಗಳೂ ಬೇರೆ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಜಾಲತಾಣವೊಂದು, ಕೇಂದ್ರದ್ದು ಇನ್ನೊಂದು. ರಾಜ್ಯದ ಅರ್ಜಿಗೆ ದಾಖಲೆಗಳನ್ನು ಸಂಸ್ಥೆಯ ಅಧಿಕಾರಿಯೊಬ್ಬರು ಗಣಕದಲ್ಲೇ ದೃಢೀಕರಿಸಿಕೊಡಬೇಕು. ಆ ಅಧಿಕಾರಿ ಯಾರು, ಯಾವ ಕೋಣೆಯಲ್ಲಿ, ಎಷ್ಟು ಹೊತ್ತಿಗೆ? ಹಣ ಬರುವುದು ಆಧಾರ್ ಸಂಖ್ಯೆಗೆ ಜೋಡಣೆಯಾದ ಖಾತೆಗೆ. ಎಂಟನೆಯ ತರಗತಿಯಲ್ಲಿ ತೆರೆದು ಮರೆತ ಖಾತೆಗೆ ಆ ಜೋಡಣೆ ಇದ್ದು, ಅದು ನಿಂತುಹೋಗಿದ್ದರೆ ಹಣ ಬರದು. ಎಷ್ಟೋ ಮಕ್ಕಳು ಸರ್ಕಾರ ಮೋಸ ಮಾಡಿತೆಂದು ತಿಳಿದು ಸುಮ್ಮನಾಗುತ್ತಾರೆ. ಕಲ್ಯಾಣ ಕರ್ನಾಟಕದವರಿಗೆ 371(ಜೆ) ಪ್ರಮಾಣಪತ್ರದ ಮಾತು ಪ್ರತ್ಯೇಕ. ಅಂಗವಿಕಲ ವಿದ್ಯಾರ್ಥಿಗಳಿಗೆ 2016ರ ಕಾಯಿದೆ ಕೊಟ್ಟ ಹಕ್ಕುಗಳ ಮಾತು ಇನ್ನೂ ಪ್ರತ್ಯೇಕ. ಇವೆಲ್ಲವೂ ಬೀಳುವುದು ಒಂದೇ ತಿಂಗಳಲ್ಲಿ; ಹೊಸ ಊರು, ಹೊಸ ಅನ್ನ, ಹೊಸ ಪಾಠ ಎಲ್ಲವೂ ಒಟ್ಟಿಗೆ ಬಂದೆರಗುವ ಆ ಮೊದಲನೆಯ ತಿಂಗಳಲ್ಲಿ.

ಇದರ ಮೇಲೆ ದೂರವೊಂದು. 1916ರಲ್ಲಿ ಮೈಸೂರು, 1949ರಲ್ಲಿ ಕರ್ನಾಟಕ, 1964ರಲ್ಲಿ ಬೆಂಗಳೂರು, 1980ರಲ್ಲಿ ಗುಲಬರ್ಗಾ ಮತ್ತು ಮಂಗಳೂರು, 1987ರಲ್ಲಿ ಕುವೆಂಪು ಹೀಗೆ ನಮ್ಮ ವಿಶ್ವವಿದ್ಯಾನಿಲಯಗಳು ಹಬ್ಬುತ್ತ ಬಂದಂತೆ ಅವುಗಳ ಆವರಣಗಳು ಊರಿನಿಂದ ಆಚೆಗೆ ಹೋದವು. ಶಂಕರಘಟ್ಟಕ್ಕೆ ಶಿವಮೊಗ್ಗದಿಂದ ಸುಮಾರು 28 ಕಿಲೋಮೀಟರು. ಕೊಣಾಜೆಯೂ ಮಂಗಳೂರಿನ ಪೇಟೆಯಿಂದ ದೂರದಲ್ಲಿಯೇ ಇದೆ. ಹಸಿರು, ಮೌನ, ವಿಸ್ತಾರ ಇವೆಲ್ಲ ವಿದ್ಯೆಗೆ ಒಳ್ಳೆಯವೇ. ಆದರೆ ಅಂಥ ಕಡೆ ಸಂಜೆಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆಂಬುದು ಷೇಕ್ಸ್‌ಪಿಯರನಷ್ಟೇ ಅಗತ್ಯವಾದ ಜ್ಞಾನ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಯಿತು, ಬಹಳ ಉಪಕಾರವಾಗಿದೆ. ಟಿಕೇಟಿಗೆ ಹಣ ಬೇಡವಾದ ಬಸ್ಸೂ ಎಲ್ಲಿ ನಿಲ್ಲುತ್ತದೆಂದು ಯಾರಾದರೂ ಹೇಳಲೇಬೇಕು.

ಇಷ್ಟು ಹೇಳಿದ ಮೇಲೆ ಎದುರುವಾದಗಳು ಬಂದೇ ಬರುತ್ತವೆ. ಅವನ್ನು ನನ್ನ ಸಹೋದ್ಯೋಗಿಗಳ ಬಾಯಲ್ಲಿಯೇ ಕೇಳಿದ್ದೇನೆ.

ಮೊದಲನೆಯದು: "ಇವರೇನು ಚಿಕ್ಕ ಮಕ್ಕಳೆ? ಇಪ್ಪತ್ತೊಂದು ವರ್ಷದ ಪದವೀಧರರು. ತುತ್ತು ಮಾಡಿ ಬಾಯಿಗಿಟ್ಟರೆ ಸ್ವಾವಲಂಬನೆ ಕಲಿಯುವುದು ಯಾವಾಗ?" ಕೇಳಲು ಗಂಭೀರವಾದ ಮಾತು. ಆದರೆ ನಾವು ಅಧ್ಯಾಪಕರು ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೋ ಮೌಖಿಕ ಪರೀಕ್ಷೆಗೋ ಬೇರೆ ವಿಶ್ವವಿದ್ಯಾನಿಲಯಕ್ಕೆ ಹೋಗುವಾಗ ನಡೆಯುವುದೇನು? ಮುಂಚಿತವಾಗಿ ಪತ್ರ ಬರುತ್ತದೆ. ಅತಿಥಿಗೃಹ ಯಾವುದು, ಕೋಣೆ ಯಾವುದು, ಭತ್ಯೆಯ ಬಿಲ್ಲನ್ನು ಯಾರಿಗೆ ಕೊಡಬೇಕು ಎಲ್ಲವೂ ಅದರಲ್ಲಿರುತ್ತದೆ. ಒಂದು ಹೊತ್ತು ಬಿಸಿನೀರು ಬಾರದಿದ್ದರೆ ನಮ್ಮ ಧ್ವನಿ ಕಾರಿಡಾರಿನ ತುದಿಗೆ ಕೇಳುತ್ತದೆ. ಎಂ.ಎ., ಪಿಎಚ್.ಡಿ. ಮಾಡಿ, ತಲೆ ನರೆತು, ಕೈತುಂಬ ಸಂಬಳ ಪಡೆಯುವ ನಮಗೆ ಇಷ್ಟೆಲ್ಲ ಬರೆದು ಕಳಿಸಬೇಕು. ಮೊದಲ ಬಾರಿ ಜಿಲ್ಲೆ ದಾಟಿ ಬಂದ ಹುಡುಗಿ ಮಾತ್ರ ಸ್ವಾವಲಂಬನೆ ಕಲಿಯಬೇಕು! ಕಷ್ಟವಾದ ಪುಸ್ತಕವನ್ನು ತಾನೇ ಓದಿ ಅರ್ಥಮಾಡಿಕೊಳ್ಳುವುದು ಸ್ವಾವಲಂಬನೆ. ಅದನ್ನು ಅಗತ್ಯವಾಗಿ ಕಲಿಸೋಣ. ಒಂಬತ್ತನೆಯ ನಂಬರು ಕೋಣೆಯ ಗುಮಾಸ್ತರು ರಜೆಯಲ್ಲಿದ್ದಾರೆಂದು ನಾಲ್ಕನೆಯ ದಿನ ಕಂಡುಹಿಡಿಯುವುದರಿಂದ ಯಾರ ಬುದ್ಧಿಯೂ ಬೆಳೆಯುವುದಿಲ್ಲ.

ಎರಡನೆಯದು: "ಎಲ್ಲವೂ ಜಾಲತಾಣದಲ್ಲಿದೆ." ಇರಬಹುದು. ಹುಡುಕಿ ನೋಡಿದ್ದೇನೆ. ಹೋದ ವರ್ಷದ ಪ್ರಕಟಣೆ ಮೇಲುಗಡೆ, ಈ ವರ್ಷದ್ದು ಅದರ ಕೆಳಗೆ. ಅಡ್ಡವಾಗಿ ತಿರುಗಿದ ಛಾಯಾಪ್ರತಿ. ಕಛೇರಿಯ ಇಂಗ್ಲಿಷಿನಲ್ಲಿ ಬರೆದ ಸುತ್ತೋಲೆ. ಅದರಲ್ಲಿ ಕೊಟ್ಟ ದೂರವಾಣಿ ಸಂಖ್ಯೆ ಬಡಿದುಕೊಳ್ಳುತ್ತಲೇ ಇರುತ್ತದೆ. ಇದೆಲ್ಲ ನಾಳೆಯೇ ಸರಿಹೋಯಿತೆನ್ನಿ. ಆಗಲೂ ಜಾಲತಾಣ ಉತ್ತರ ಕೊಡುವುದು ಪ್ರಶ್ನೆ ಗೊತ್ತಿದ್ದವರಿಗೆ. ವಲಸೆ ಪತ್ರವೆಂಬುದೊಂದಿದೆಯೆಂದೇ ತಿಳಿಯದವಳು ಏನೆಂದು ಹುಡುಕಿಯಾಳು? ವಿದ್ಯಾಸಿರಿಯ ಹೆಸರು ಕೇಳದವಳು ಯಾವ ಅಕ್ಷರ ಒತ್ತಿಯಾಳು?

ಮೂರನೆಯದು: "ಹಿರಿಯ ವಿದ್ಯಾರ್ಥಿಗಳು ಹೇಳಿಕೊಡುತ್ತಾರೆ." ನಿಜ, ಇಂದು ಹೊಸಬರಲ್ಲಿ ಅನೇಕರು ಉಳಿದುಕೊಂಡಿದ್ದರೆ ಅದು ಅವರ ಪುಣ್ಯದಿಂದ. ಆದರೆ ಯಾವ ಹಿರಿಯ ಯಾವ ಕಿರಿಯನಿಗೆ ಹೇಳುತ್ತಾನೆ? ತನ್ನ ತಾಲ್ಲೂಕಿನವನಿಗೆ, ತನ್ನ ಕಾಲೇಜಿನವನಿಗೆ, ಬಹುಮಟ್ಟಿಗೆ ತನ್ನವನಿಗೆ. ನನ್ನ ಸೋದರಮಾವನ ಕಥೆಯೇ ಮತ್ತೆ ನಡೆಯುತ್ತದೆ. ಸಂಸ್ಥೆ ಮಾಡಬೇಕಾದ ಕೆಲಸವನ್ನು ನೆಂಟಸ್ತಿಕೆಗೆ ವಹಿಸಿಕೊಟ್ಟು, ಆಮೇಲೆ ಹಾಸ್ಟೆಲುಗಳಲ್ಲಿ ಜಾತಿಗೊಂದು ಗುಂಪು ಕಟ್ಟಿಕೊಂಡರೆಂದು ಘಟಿಕೋತ್ಸವದ ಭಾಷಣದಲ್ಲಿ ಕಳವಳಪಡುವುದು ನ್ಯಾಯವೆ?

ನಾಲ್ಕನೆಯದು: "ಹಣವಿಲ್ಲ, ಸಿಬ್ಬಂದಿಯಿಲ್ಲ." ಹುದ್ದೆಗಳು ಖಾಲಿ ಬಿದ್ದಿರುವುದು, ಅತಿಥಿ ಉಪನ್ಯಾಸಕರಿಂದ ದಿನ ದೂಡುತ್ತಿರುವುದು ಎಲ್ಲರಿಗೂ ಗೊತ್ತಿರುವ ದುಃಖ. ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ನ್ಯಾಕ್ ಸಮಿತಿ ಬರುವ ವಾರ ಆವರಣದ ತುಂಬ ಬಾಣದ ಗುರುತಿನ ಹೊಸ ಫಲಕಗಳು ಹೇಗೆ ಏಳುತ್ತವೆ? ಮೂರು ದಿನ ಇದ್ದು ಹೋಗುವ ಹಿರಿಯರು ದಾರಿ ತಪ್ಪಬಾರದೆಂಬ ಕಾಳಜಿಯಲ್ಲಿ ಹತ್ತರಲ್ಲೊಂದು ಪಾಲು ಸಾಕು. ಹದಿನಾರು ಪುಟದ ಕೈಪಿಡಿಯೊಂದಕ್ಕೆ ಆಗುವ ಖರ್ಚು ಆ ಸ್ವಾಗತ ಸಮಾರಂಭದ ಫ್ಲೆಕ್ಸು, ಶಾಲು, ಹಾರಗಳ ಖರ್ಚಿಗಿಂತ ಹೆಚ್ಚಾಗಲಾರದು.

ಇನ್ನು ನಾನು ಬೇಡುತ್ತಿರುವುದು ಹೊಸದೇನೂ ಅಲ್ಲ. ಆಜ್ಞೆ ಆಗಲೇ ಇದೆ. ಯು.ಜಿ.ಸಿ. ಎಂದು ಎಲ್ಲರೂ ಕರೆಯುವ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ 2009ರಲ್ಲಿ ರ‍್ಯಾಗಿಂಗ್ ತಡೆಗೆಂದು ನಿಯಮಗಳನ್ನು ಹೊರಡಿಸಿತು. ಗೋಡೆಯ ಮೇಲೆ "ರ‍್ಯಾಗಿಂಗ್ ಶಿಕ್ಷಾರ್ಹ ಅಪರಾಧ" ಎಂಬ ಫಲಕ ಹಾಕಿದರೆ ಆ ನಿಯಮಗಳನ್ನು ಪಾಲಿಸಿದಂತಾಯಿತೆಂದು ಬಹಳ ಮಂದಿ ತಿಳಿದಿದ್ದಾರೆ. ಓದಿ ನೋಡಿದರೆ ಬೇರೆಯ ಸಂಗತಿಗಳೂ ಇವೆ. ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ, ಯಾವ ಸಹಾಯಕ್ಕೆ ಯಾರ ಬಳಿ ಹೋಗಬೇಕು, ಅವರ ವಿಳಾಸವೇನು, ದೂರವಾಣಿ ಸಂಖ್ಯೆಯೇನು ಎಂಬುದನ್ನು ತಿಳಿಸುವ ಅಚ್ಚಾದ ಪತ್ರವನ್ನು ಕೊಡಬೇಕೆಂದು ಅದು ವಿಧಿಸುತ್ತದೆ. ಹೊಸಬರನ್ನು ಚಿಕ್ಕ ಚಿಕ್ಕ ಗುಂಪುಗಳಾಗಿ ವಿಂಗಡಿಸಿ ಒಂದೊಂದು ಗುಂಪನ್ನು ಒಬ್ಬೊಬ್ಬ ಅಧ್ಯಾಪಕರಿಗೆ ಒಪ್ಪಿಸಬೇಕು. ಆ ಅಧ್ಯಾಪಕರು ಗುಂಪಿನ ಒಬ್ಬೊಬ್ಬರನ್ನೂ ದಿನವೂ ಕಂಡು ಕಷ್ಟವೇನೆಂದು ವಿಚಾರಿಸಬೇಕು. ಇದೂ ಅದರಲ್ಲಿಯೇ ಇದೆ. ಹಿಂಸೆ ಹುಟ್ಟುವುದು ಹೊಸಬರು ಒಂಟಿಯಾಗಿರುವ ಕಡೆ ಎಂದು ನಿಯಮ ಬರೆದವರಿಗೆ ತಿಳಿದಿತ್ತೆಂದು ಕಾಣುತ್ತದೆ. ನಾವು ಫಲಕವನ್ನು ಉಳಿಸಿಕೊಂಡು ಪತ್ರವನ್ನು ಬಿಟ್ಟೆವು.

ಅದೇ ಆಯೋಗ 2023ರಲ್ಲಿ ವಿದ್ಯಾರ್ಥಿಗಳ ಕುಂದುಕೊರತೆಗಳ ಬಗ್ಗೆ ಬೇರೆ ನಿಯಮಗಳನ್ನು ತಂದಿತು. ದೂರು ವಿಚಾರಿಸಲು ಸಮಿತಿ ಇರಬೇಕು, ಅದರ ಮೇಲೆ ಓಂಬುಡ್ಸ್‌ಪರ್ಸನ್ ಎಂಬ ಸ್ವತಂತ್ರ ಅಧಿಕಾರಿ ಇರಬೇಕು ಎಂದಾಯಿತು. ನಮ್ಮ ಪರಿಚಯದ ಎಂ.ಎ. ವಿದ್ಯಾರ್ಥಿಗಳನ್ನು ಕೇಳಿ ನೋಡಿ, ಆ ಹೆಸರನ್ನು ಎಷ್ಟು ಮಂದಿ ಬಲ್ಲರು? 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಆಧಾರ, ಸಂಖ್ಯೆ 14416. ಮನಸ್ಸು ಕುಗ್ಗಿದವರು ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿಯೇ ಮಾತನಾಡಬಹುದು. ಹಾಸ್ಟೆಲಿನ ಕೋಣೆಯಲ್ಲಿ ರಾತ್ರಿ ಎರಡು ಗಂಟೆಗೆ ಅಳುತ್ತ ಕೂತ ಹುಡುಗನಿಗೆ ಆ ಐದು ಅಂಕಿಗಳು ತಿಳಿದಿರಬೇಡವೆ? ಅವನಿಗೆ ಅವು ತಿಳಿಯುವುದು ಯಾವ ದೀಪ ಬೆಳಗುವ ಸಮಾರಂಭದಲ್ಲಿ?

ವಿಶ್ವವಿದ್ಯಾನಿಲಯಗಳನ್ನು ಮಾತ್ರ ಬೈದು ಕೈತೊಳೆದುಕೊಂಡರೆ ಈ ಲೇಖನ ಅರ್ಧ ಸುಳ್ಳಾಗುತ್ತದೆ. ಆ ಹುಡುಗಿಗೆ ವಲಸೆ ಪತ್ರದ ಮಾತನ್ನು ಮೊದಲು ಹೇಳಬೇಕಾಗಿದ್ದವರು ನಾವು, ಅವಳ ಪದವಿ ಕಾಲೇಜಿನವರು. ಮೂರು ವರ್ಷ ಅವಳು ನಮ್ಮ ಕಣ್ಣ ಮುಂದೆ ಇದ್ದಳು. ಬೀಳ್ಕೊಡುಗೆಯ ದಿನ ಹಾಡಿದೆವು, ಗುಂಪಿನ ಛಾಯಾಚಿತ್ರ ತೆಗೆಸಿದೆವು, ಭವಿಷ್ಯ ಉಜ್ಜ್ವಲವಾಗಲೆಂದು ಹರಸಿದೆವು. ಆ ಪೆನ್ನಿನ ಜೊತೆಗೆ ಒಂದು ಹಾಳೆಯನ್ನು ಕೊಟ್ಟಿದ್ದರೆ? ಬೇಕಾದ ಪತ್ರಗಳು ಇವು, ಸಿಗುವ ಸ್ಥಳ ಇದು, ಕೂಡಲೆ ಹಾಕಬೇಕಾದ ಅರ್ಜಿಗಳು ಇವು ಎಂದು ಅರ್ಧ ಗಂಟೆ ಕೂತು ಬರೆದುಕೊಡುವುದು ನನ್ನಿಂದ ಆಗದ ಕೆಲಸವಾಗಿರಲಿಲ್ಲ. ತೋಚಲಿಲ್ಲ. ತೋಚದಿರಲು ಕಾರಣ, ನನಗೆ ಅದರ ಅಗತ್ಯ ಎಂದೂ ಬಿದ್ದಿರಲಿಲ್ಲ.

ಆಗಬೇಕಾದದ್ದು ಇಷ್ಟು. ಪ್ರವೇಶದ ದಿನವೇ ಪ್ರತಿಯೊಬ್ಬರ ಕೈಗೂ ಕನ್ನಡದಲ್ಲಿ ಅಚ್ಚಾದ ಚಿಕ್ಕ ಕೈಪಿಡಿ ಬರಬೇಕು. ಅದರಲ್ಲಿ ಕುಲಪತಿಗಳ ಭಾವಚಿತ್ರವೂ ಸಂದೇಶವೂ ಬೇಡ. ಕೋಣೆಯ ಸಂಖ್ಯೆ, ತೆರೆದಿರುವ ವೇಳೆ, ಹುದ್ದೆಯ ಹೆಸರು, ಬೇಕಾದ ಪತ್ರಗಳು, ಕೊನೆಯ ದಿನಾಂಕ, ಆವರಣದ ನಕ್ಷೆ, ಬಸ್ಸಿನ ವೇಳೆ, ಆರೋಗ್ಯ ಕೇಂದ್ರದ ವೇಳೆ, ಹೆಣ್ಣುಮಕ್ಕಳು ದೂರು ಕೊಡಬೇಕಾದ ಸಮಿತಿಯ ವಿಳಾಸ ಇಷ್ಟಿದ್ದರೆ ಸಾಕು. ಎರಡನೆಯದಾಗಿ, ಮೊದಲ ಒಂದು ತಿಂಗಳು ಮುಖ್ಯದ್ವಾರದ ಹತ್ತಿರ ಒಂದು ಕೋಣೆ ತೆರೆದಿರಬೇಕು. ಅಲ್ಲಿ ಕೂರುವವರು "ಇಲ್ಲಿ ಅಲ್ಲ" ಎಂಬ ಎರಡು ಮಾತನ್ನು ಆಡಕೂಡದು. ಎಲ್ಲಿ ಎಂದು ತಿಳಿಯದಿದ್ದರೆ ಅವರೇ ಎದ್ದು ಹೋಗಿ ತಿಳಿದು ಬರಬೇಕು. ಮೂರನೆಯದಾಗಿ, ಒಬ್ಬೊಬ್ಬ ಅಧ್ಯಾಪಕರ ಪಾಲಿಗೆ ಹತ್ತೋ ಹದಿನೈದೋ ಹೊಸಬರ ಹೆಸರು ಬರಬೇಕು; ಅವರಲ್ಲಿ ಒಬ್ಬರು ಒಂದು ವಾರ ತರಗತಿಗೆ ಬಾರದಿದ್ದರೆ ಏಕೆಂದು ಫೋನು ಮಾಡಿ ಕೇಳುವ ಹೊಣೆ ಆ ಅಧ್ಯಾಪಕರದು.

ನಾಲ್ಕನೆಯದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕೂ ಮುಖ್ಯ. ವಿಶ್ವವಿದ್ಯಾನಿಲಯ ಸೇರಿದವರನ್ನು ಎಣಿಸುತ್ತದೆ, ತೇರ್ಗಡೆಯಾದವರನ್ನು ಎಣಿಸುತ್ತದೆ, ಚಿನ್ನದ ಪದಕಗಳನ್ನು ಪತ್ರಿಕೆಗಳಿಗೆ ಕಳಿಸುತ್ತದೆ. ಮೊದಲ ಮೂರು ತಿಂಗಳಲ್ಲಿ ಬಿಟ್ಟುಹೋದವರ ಪಟ್ಟಿಯನ್ನೂ ವರ್ಷ ವರ್ಷ ತಯಾರಿಸಲಿ. ಒಬ್ಬೊಬ್ಬರ ಹೆಸರಿನ ಮುಂದೆ ಕಾರಣ ಬರೆಯಲಿ. ಅದನ್ನು ಕಛೇರಿಯಲ್ಲಿ ಕೂತು ಊಹಿಸದೆ, ಅವರನ್ನೇ ಕೇಳಿ ಬರೆಯಲಿ. ಆ ಪಟ್ಟಿಯನ್ನು ಸಿಂಡಿಕೇಟ್ ಸಭೆಯಲ್ಲಿ ಗಟ್ಟಿಯಾಗಿ ಓದಲಿ. ಎರಡು ವರ್ಷ ಹಾಗೆ ಓದಿದರೆ ಮೂರನೆಯ ವರ್ಷ ಕೈಪಿಡಿ ತಾನಾಗಿ ಅಚ್ಚಾಗುತ್ತದೆ.

ಆ ಹುಡುಗಿ ಬರುವ ವರ್ಷ ಮತ್ತೆ ಅರ್ಜಿ ಹಾಕುತ್ತೇನೆಂದಿದ್ದಾಳೆ. ಕಳೆದ ವಾರ ನಮ್ಮ ಮನೆಗೆ ಬಂದಿದ್ದಳು. ಇಬ್ಬರೂ ಕೂತು ಎರಡು ಹಾಳೆ ಬರೆದೆವು: ಹಿಂದಿನ ಸಲ ಕೊಟ್ಟ ಮೂಲ ಪತ್ರಗಳನ್ನು ಮರಳಿ ಪಡೆಯುವುದು, ಖಾತೆಗೆ ಆಧಾರ್ ಜೋಡಣೆ, ಜಾತಿ ಆದಾಯ ಪತ್ರ, ಹಾಸ್ಟೆಲಿನ ಎರಡು ಬಗೆಯ ಅರ್ಜಿ, ಸಿಗದಿದ್ದರೆ ವಿದ್ಯಾಸಿರಿ. ಹಾಳೆಯನ್ನು ನಾಲ್ಕಾಗಿ ಮಡಚಿ ಪರ್ಸಿನಲ್ಲಿಟ್ಟುಕೊಂಡಳು. ಜೂನಿನಲ್ಲಿ ನಮ್ಮ ಕಾಲೇಜಿನಿಂದ ಹೊರಡುವ ಎಲ್ಲರಿಗೂ ಅದರ ಪ್ರತಿ ಕೊಡಬೇಕೆಂದು ಪ್ರಾಂಶುಪಾಲರನ್ನು ಕೇಳಿದ್ದೇನೆ. ಅವರು ಆಗಲಿ ಎಂದಿದ್ದಾರೆ. ಇದರಿಂದ ಒಂದು ಕಾಲೇಜಿನ ಮಕ್ಕಳಿಗೆ ಉಪಕಾರವಾದೀತು. ಉಳಿದ ಊರುಗಳಿಂದ ಇದೇ ವರ್ಷ ಟ್ರಂಕು ಹಿಡಿದು ಹೊರಡುವವರಿಗೆ ಆ ಎರಡು ಹಾಳೆಯನ್ನು ಬರೆದುಕೊಡುವ ಕೆಲಸ 2009ರಿಂದ ಯಾರದೆಂದು ನಿಯಮದಲ್ಲಿಯೇ ಇದೆ. ಅವರು ಅದನ್ನು ಯಾವಾಗ ಬರೆಯುತ್ತಾರೆ?